ಪರದೆ ಸಮಯ ಮತ್ತು ಆರೋಗ್ಯ

ಪರದೆ ಸಮಯ ಎಂದರೆ ವ್ಯಕ್ತಿಯೊಬ್ಬನು ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಗಣಕಯಂತ್ರ, ದೂರದರ್ಶನ ಮುಂತಾದ ಸಾಧನಗಳ ಪರದೆಯ ಮುಂದೆ ದಿನವೊಂದರಲ್ಲಿ ಕಳೆಯುವ ಅವಧಿ. ಬಳಕೆಯ ಮಾತಿನಲ್ಲಿ ಇದನ್ನು ಸ್ಕ್ರೀನ್ ಟೈಮ್ ಎಂದೇ ಕರೆಯುವುದುಂಟು. ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬಂದ ಮೇಲೆ ಈ ಅವಧಿ ಹೆಚ್ಚಿದ್ದು, ಅದು ಆರೋಗ್ಯಕ್ಕೆ ಹಾನಿಕರವೇ ಎಂಬ ಪ್ರಶ್ನೆ ವೈದ್ಯರು, ಶಿಕ್ಷಕರು, ಪಾಲಕರು ಮತ್ತು ಸರ್ಕಾರಗಳನ್ನು ಕಾಡುತ್ತಿದೆ. ಈವರೆಗಿನ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಗಂಟೆಗಳ ಲೆಕ್ಕವೊಂದೇ ಹಾನಿಯನ್ನು ನಿರ್ಧರಿಸುವುದಿಲ್ಲ. ಬಳಸುವವರ ವಯಸ್ಸು, ನೋಡುವ ವಿಷಯ, ನೋಡುವ ಹೊತ್ತು, ಬಳಕೆಯ ಮೇಲಿರುವ ಹತೋಟಿ ಮತ್ತು ಪರದೆಯು ನಿದ್ರೆ, ಆಟ, ಓದು, ಮಾತುಕತೆಗಳಲ್ಲಿ ಯಾವುದರ ಜಾಗವನ್ನು ಆಕ್ರಮಿಸಿದೆ ಎಂಬುದು ಅಷ್ಟೇ ಮುಖ್ಯವಾಗುತ್ತವೆ. ಭಾರತದಲ್ಲಿ ಈ ಕ್ಷೇತ್ರದ ಪ್ರಮುಖ ಚಿಕಿತ್ಸಾ ಕೇಂದ್ರಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದೆ.

ಹಿನ್ನೆಲೆ

ಭಾರತದಲ್ಲಿ ಮೊದಲ ಮೊಬೈಲ್ ಕರೆಯನ್ನು 1995ರ ಜುಲೈ 31ರಂದು ಮಾಡಲಾಯಿತು. ಆರಂಭದ ಫೋನುಗಳು ಮಾತು ಮತ್ತು ಕಿರುಸಂದೇಶಗಳಿಗೆ ಸೀಮಿತವಾಗಿದ್ದವು. 2007ರಲ್ಲಿ ಐಫೋನ್ ಮತ್ತು 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದ ಬಳಿಕ ಫೋನು ಪತ್ರಿಕೆ, ಕ್ಯಾಮೆರಾ, ಚಿತ್ರಮಂದಿರ, ಆಟದ ಬಯಲು, ಬ್ಯಾಂಕು ಎಲ್ಲವೂ ಆಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ನಂತರ ಭಾರತದಲ್ಲಿ ಡೇಟಾ ದರ ತೀವ್ರವಾಗಿ ಇಳಿದು, ವಿಡಿಯೊ ನೋಡುವುದು ಹಳ್ಳಿಗಳಲ್ಲಿಯೂ ದಿನನಿತ್ಯದ ರೂಢಿಯಾಯಿತು.

ಬಳಕೆ ಹೆಚ್ಚಲು ಅಗ್ಗದ ಡೇಟಾ ಮಾತ್ರ ಕಾರಣವಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ಪತ್ರಿಕೆಗೆ ಕೊನೆಯ ಅಂಕಣವಿದೆ. ಆದರೆ ಎಷ್ಟು ಸರಿಸಿದರೂ ಮುಗಿಯದ ಪುಟ, ತಾನಾಗಿಯೇ ಆರಂಭವಾಗುವ ಮುಂದಿನ ವಿಡಿಯೊ, ಕ್ಷಣಕ್ಷಣಕ್ಕೂ ಬರುವ ಸೂಚನೆಗಳು ‘ಇಲ್ಲಿಗೆ ಸಾಕು’ ಎಂದು ನಿಲ್ಲುವ ಸಹಜ ತಾಣವನ್ನೇ ಇಲ್ಲವಾಗಿಸುತ್ತವೆ. ಮುಗಿಯದ ಪುಟದ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದರ ದುಷ್ಪರಿಣಾಮಗಳನ್ನು ಕುರಿತು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. 2018ರಲ್ಲಿ ಗೂಗಲ್ ಮತ್ತು ಆಪಲ್ ಸಂಸ್ಥೆಗಳು ಬಳಕೆಯ ಅವಧಿಯನ್ನು ಅಳೆದು ತೋರಿಸುವ ಸೌಲಭ್ಯವನ್ನು ಫೋನಿನಲ್ಲಿಯೇ ಒದಗಿಸಲಾರಂಭಿಸಿದವು.

ಆರೋಗ್ಯದ ಮೇಲಿನ ಪರಿಣಾಮಗಳು

ನಿದ್ರೆ

ಪರದೆಯ ದುಷ್ಪರಿಣಾಮಗಳಲ್ಲಿ ಹೆಚ್ಚು ಸ್ಪಷ್ಟವಾಗಿರುವುದು ನಿದ್ರೆಗೆ ಸಂಬಂಧಿಸಿದ್ದು. ಕತ್ತಲಾದಂತೆ ದೇಹದಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ನಿದ್ರೆಗೆ ಸಿದ್ಧತೆ ನಡೆಯುತ್ತದೆ. ಕಣ್ಣಿಗೆ ಬೀಳುವ ಪ್ರಖರ ಬೆಳಕು, ಅದರಲ್ಲಿಯೂ ನೀಲಿ ಅಂಶ ಹೆಚ್ಚಿರುವ ಬೆಳಕು, ಈ ಸ್ರವಿಕೆಯನ್ನು ತಡೆಯುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ 12 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಲಗುವ ಮುನ್ನ ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ ಮುದ್ರಿತ ಪುಸ್ತಕ ಓದಿದಾಗಿಗಿಂತ ತಡವಾಗಿ ನಿದ್ರೆ ಬಂದಿತು. ಮರುದಿನ ಬೆಳಗ್ಗೆ ಅವರ ಚುರುಕೂ ಕಡಿಮೆಯಾಗಿತ್ತು. ಬೆಳಕಿಗಿಂತಲೂ ಮಿಗಿಲಾಗಿ, ಕುತೂಹಲ ಕೆರಳಿಸುವ ವಿಷಯವೇ ಎಚ್ಚರವನ್ನು ಮುಂದುವರಿಸುವುದುಂಟು. ಇನ್ನೊಂದು ವಿಡಿಯೊ ನೋಡಿ ಮಲಗುವೆನೆಂದು ಹನ್ನೆರಡು ಗಂಟೆ ದಾಟಿಸಿದ ವಿದ್ಯಾರ್ಥಿಗೆ ಮರುದಿನದ ಪಾಠದಲ್ಲಿ ಏಕಾಗ್ರತೆ ಇರುವುದಿಲ್ಲ.

ಕಣ್ಣು

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಬಾರಿ ಕಣ್ಣು ಮಿಟುಕಿಸುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. ಕಣ್ಣೀರಿನ ತೆಳುಪದರ ಆರಿ ಉರಿ, ನವೆ, ಮಂಜು, ತಲೆನೋವು ಕಾಣಿಸಿಕೊಳ್ಳುತ್ತವೆ. ಇವು ವಿಶ್ರಾಂತಿಯಿಂದ ಶಮನವಾಗುವ ತೊಂದರೆಗಳು. ಪರದೆಯ ನೀಲಿ ಬೆಳಕು ಅಕ್ಷಿಪಟಲವನ್ನು ಸುಡುತ್ತದೆ ಎಂಬ ಪ್ರಚಾರಕ್ಕೆ ಆಧಾರವಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಸ್ಪಷ್ಟಪಡಿಸಿದ್ದು, ಗಣಕಯಂತ್ರದ ಬಳಕೆಗೆಂದು ವಿಶೇಷ ಕನ್ನಡಕಗಳನ್ನು ಅದು ಶಿಫಾರಸು ಮಾಡುವುದಿಲ್ಲ.

ಬೆಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತಿರುವುದು ಇದಕ್ಕಿಂತ ಗಂಭೀರವಾದ ಸಂಗತಿ. ಇಲ್ಲಿ ಹತ್ತಿರದ ನೋಟದಷ್ಟೇ ಹೊರಾಂಗಣದ ಬೆಳಕಿನ ಕೊರತೆಯೂ ಕಾರಣವೆಂದು ತಿಳಿದುಬಂದಿದೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷಗಳ ಹೆಚ್ಚುವರಿ ಹೊರಾಂಗಣ ಚಟುವಟಿಕೆ ನೀಡಿ ಮೂರು ವರ್ಷ ಗಮನಿಸಲಾಯಿತು. ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳ ಪ್ರಮಾಣ ಶೇ. 30.4 ಇದ್ದರೆ, ಉಳಿದ ಶಾಲೆಗಳಲ್ಲಿ ಅದು ಶೇ. 39.5 ಇತ್ತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆದ್ದರಿಂದ ಮಗುವಿನ ಕೈಯಿಂದ ಫೋನು ತೆಗೆದು ಕೋಣೆಯೊಳಗೇ ಕೂರಿಸಿದರೆ ಸಾಲದು, ಅದನ್ನು ಬಯಲಿಗೆ ಕಳುಹಿಸಬೇಕು.

ಕತ್ತು ಮತ್ತು ಕೈ

ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5.5 ಕಿಲೋಗ್ರಾಂ. ತಲೆ ಬಾಗಿದಷ್ಟೂ ಕತ್ತಿನ ಮೂಳೆಗಳ ಮೇಲಿನ ಭಾರ ಹೆಚ್ಚುತ್ತದೆ. 2014ರಲ್ಲಿ ಪ್ರಕಟವಾದ ಗಣಿತೀಯ ಮಾದರಿಯೊಂದರ ಪ್ರಕಾರ 60 ಡಿಗ್ರಿ ಬಾಗಿದಾಗ ಈ ಭಾರ ಸುಮಾರು 27 ಕಿಲೋಗ್ರಾಂಗೆ ಏರುತ್ತದೆ. ಇದು ಲೆಕ್ಕಾಚಾರವೇ ಹೊರತು ರೋಗಿಗಳ ಮೇಲಿನ ಪ್ರಯೋಗವಲ್ಲ. ಆದರೂ ಬಹುಹೊತ್ತು ಬಾಗಿ ಕುಳಿತವರಿಗೆ ಕತ್ತು, ಭುಜ, ಹೆಬ್ಬೆರಳುಗಳಲ್ಲಿ ನೋವು ಬರುವುದು ಸಾಮಾನ್ಯ ಅನುಭವ.

ಮಾತು ಕಲಿಯುವ ವಯಸ್ಸು

ಊಟ ಮಾಡಿಸಲು, ಅಳು ನಿಲ್ಲಿಸಲು ಎಳೆಯ ಮಗುವಿನ ಕೈಗೆ ಫೋನು ಕೊಡುವ ರೂಢಿ ವ್ಯಾಪಕವಾಗಿದೆ. ಮಗು ವಿಡಿಯೊ ನೋಡಿ ಮಾತು ಕಲಿಯುತ್ತದೆ ಎಂಬ ನಂಬಿಕೆಯೂ ಇದೆ. ಇದನ್ನು ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳಲ್ಲಿ ಕೆಲವಕ್ಕೆ ಚೀನೀ ಭಾಷೆಯನ್ನಾಡುವ ವ್ಯಕ್ತಿಗಳು ಎದುರು ಕುಳಿತು ಆಟವಾಡಿಸಿ ಓದಿ ಹೇಳಿದರು. ಇನ್ನು ಕೆಲವಕ್ಕೆ ಅದನ್ನೇ ಪರದೆಯ ಮೇಲೆ ತೋರಿಸಲಾಯಿತು. ಎದುರು ಕುಳಿತವರಿಂದ ಕಲಿತ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಿದವು. ಪರದೆ ನೋಡಿದ ಕೂಸುಗಳು ಕಲಿಯಲಿಲ್ಲ. ಮಗುವಿನ ತೊದಲಿಗೆ ಮರುನುಡಿಯುವವರು ಬೇಕು. ಆ ಕೆಲಸವನ್ನು ವಿಡಿಯೊ ಮಾಡಲಾರದು.

ಮನಸ್ಸು

ಪರದೆ ಸಮಯಕ್ಕೂ ಖಿನ್ನತೆ, ಆತಂಕಗಳಿಗೂ ಇರುವ ನಂಟಿನ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ 2019ರಲ್ಲಿ 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ವಿಶ್ಲೇಷಿಸಿ, ಅವರ ಮಾನಸಿಕ ಕ್ಷೇಮದಲ್ಲಿನ ವ್ಯತ್ಯಾಸದ ಹೆಚ್ಚೆಂದರೆ ಶೇ. 0.4ರಷ್ಟನ್ನು ಮಾತ್ರ ಡಿಜಿಟಲ್ ಬಳಕೆಯಿಂದ ವಿವರಿಸಬಹುದೆಂದು ಕಂಡುಕೊಂಡರು. ಬೇಸರದಲ್ಲಿರುವವರು ಫೋನಿಗೆ ಹೆಚ್ಚು ಮೊರೆಹೋಗುತ್ತಾರೆಯೇ ಅಥವಾ ಫೋನಿನಿಂದಲೇ ಬೇಸರ ಹುಟ್ಟುತ್ತದೆಯೇ ಎಂಬುದನ್ನು ಇಂತಹ ಅಧ್ಯಯನಗಳಿಂದ ಬೇರ್ಪಡಿಸುವುದು ಕಷ್ಟ. ಇನ್ನೊಂದೆಡೆ, ಸರಾಸರಿಯಲ್ಲಿ ಅಲ್ಪವೆಂದು ಕಾಣುವ ಪರಿಣಾಮವು ಕೆಲವು ಮಕ್ಕಳಲ್ಲಿ ತೀವ್ರವಾಗಿರಬಹುದು. ಸರಾಸರಿಯಲ್ಲಿ ಮರೆಯಾಗುವ ಅಂಥವರೇ ಚಿಕಿತ್ಸಾಲಯಗಳಿಗೆ ಬರುತ್ತಾರೆ.

ಗೀಳು ಮತ್ತು ಅಭ್ಯಾಸ

ಹೆಚ್ಚು ಹೊತ್ತು ಫೋನು ಬಳಸುವವರೆಲ್ಲರೂ ವ್ಯಸನಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ‘ಸ್ಮಾರ್ಟ್‌ಫೋನ್ ವ್ಯಸನ’ ಎಂಬ ರೋಗವಿಲ್ಲ. ಆದರೆ ಡಿಜಿಟಲ್ ಆಟಗಳ ಗೀಳನ್ನು ಅದು ಒಂದು ಕಾಯಿಲೆಯಾಗಿ ಗುರುತಿಸಿದೆ. 2019ರ ಮೇ ತಿಂಗಳಲ್ಲಿ ಅಂಗೀಕಾರವಾದ ಈ ಪರಿಷ್ಕರಣೆ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಗೀಳಿನ ಮುಖ್ಯ ಲಕ್ಷಣಗಳು ಮೂರು:

• ಆಟದ ಆರಂಭ, ಅವಧಿ, ಮುಕ್ತಾಯಗಳ ಮೇಲೆ ಹತೋಟಿ ತಪ್ಪುವುದು.
• ಊಟ, ನಿದ್ರೆ, ಓದು, ಬಂಧುಬಳಗ ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು.
• ಕೆಡುಕಾಗುತ್ತಿದೆ ಎಂದು ಕಂಡರೂ ಅದನ್ನು ಮುಂದುವರಿಸುವುದು ಅಥವಾ ಹೆಚ್ಚಿಸುವುದು.

ಸಾಮಾನ್ಯವಾಗಿ ಈ ಸ್ಥಿತಿ ಕನಿಷ್ಠ 12 ತಿಂಗಳು ಇದ್ದು, ವ್ಯಕ್ತಿಯ ಬದುಕಿಗೆ ಗಮನಾರ್ಹ ತೊಡಕು ಉಂಟುಮಾಡಿದ್ದರೆ ಮಾತ್ರ ಅದನ್ನು ಕಾಯಿಲೆಯೆಂದು ಪರಿಗಣಿಸಲಾಗುತ್ತದೆ. ಈ ವ್ಯಾಖ್ಯೆಯಲ್ಲಿ ಇಷ್ಟೇ ಗಂಟೆ ಎಂಬ ಮಿತಿ ಎಲ್ಲಿಯೂ ಇಲ್ಲ ಎಂಬುದು ಗಮನಾರ್ಹ.

ಮಾರ್ಗಸೂಚಿಗಳು

ವಿಶ್ವ ಆರೋಗ್ಯ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಪ್ರಕಟಿಸಿತು. ಒಂದು ವರ್ಷ ತುಂಬದ ಕೂಸುಗಳಿಗೆ ಪರದೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳುತ್ತದೆ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಹೀಗಿದೆ:

• 2 ವರ್ಷದೊಳಗೆ: ಯಾವ ಪರದೆಯೂ ಬೇಡ.
• 2ರಿಂದ 5 ವರ್ಷ: ಹಿರಿಯರ ಮೇಲ್ವಿಚಾರಣೆಯಲ್ಲಿ ದಿನಕ್ಕೆ ಹೆಚ್ಚೆಂದರೆ 1 ಗಂಟೆ.
• 5ರಿಂದ 10 ವರ್ಷ: ದಿನಕ್ಕೆ 2 ಗಂಟೆಗಿಂತ ಕಡಿಮೆ.
• ಹದಿಹರೆಯ: ನಿದ್ರೆ, ವ್ಯಾಯಾಮ, ಓದು, ಕುಟುಂಬದೊಡನೆ ಕಳೆಯುವ ಸಮಯಗಳಿಗೆ ಧಕ್ಕೆಯಾಗದಂತೆ ಸಮತೋಲನ.

ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು 2019ರಲ್ಲಿ ಗಂಟೆಗಳ ಮಿತಿಯನ್ನು ನಿಗದಿಪಡಿಸಲು ನಿರಾಕರಿಸಿತು. ಮನೆಯಲ್ಲಿ ಪರದೆ ಹತೋಟಿಯಲ್ಲಿದೆಯೇ, ಅದು ಕುಟುಂಬದ ಕೂಟಗಳಿಗೆ, ನಿದ್ರೆಗೆ ಅಡ್ಡಿಯಾಗುತ್ತಿದೆಯೇ, ನೋಡುವಾಗಿನ ಕುರುಕಲು ತಿನಿಸು ಮಿತಿಯಲ್ಲಿದೆಯೇ ಎಂದು ಪ್ರತಿ ಕುಟುಂಬವೂ ಕೇಳಿಕೊಳ್ಳಲಿ ಎಂದು ಅದು ಸಲಹೆ ನೀಡಿತು.

ಕರ್ನಾಟಕದಲ್ಲಿ

ಆನ್‌ಲೈನ್ ತರಗತಿಗಳ ವಿವಾದ

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಅದುವರೆಗೆ ಮಕ್ಕಳ ಕೈಯಿಂದ ಕಿತ್ತಿಡುತ್ತಿದ್ದ ಫೋನನ್ನು ಪಾಲಕರೇ ಅವರ ಕೈಗೆ ಕೊಡಬೇಕಾಯಿತು. ಎಳೆಯರ ಆರೋಗ್ಯದ ಮೇಲಾಗುವ ಪರಿಣಾಮವನ್ನು ಮುಂದಿಟ್ಟುಕೊಂಡು ರಾಜ್ಯ ಸರ್ಕಾರ 2020ರ ಜೂನ್‌ನಲ್ಲಿ ಕೆಳ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿರ್ಬಂಧಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಜುಲೈನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಈ ಆದೇಶಗಳು ಮೇಲ್ನೋಟಕ್ಕೆ ಸಂವಿಧಾನದ 21 ಮತ್ತು 21ಎ ವಿಧಿಗಳ ಹಕ್ಕುಗಳನ್ನು ಅತಿಕ್ರಮಿಸುತ್ತವೆಂದು ಹೇಳಿ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು 1ರಿಂದ 8ನೆಯ ತರಗತಿಗೆ ದಿನಕ್ಕೆ 30–45 ನಿಮಿಷಗಳ ಎರಡು ಅವಧಿ, 9ರಿಂದ 12ನೆಯ ತರಗತಿಗೆ ನಾಲ್ಕು ಅವಧಿಗಳ ಮಿತಿಯನ್ನು ಸೂಚಿಸಿತು. ಹೀಗೆ ಮಗುವಿನ ಕಣ್ಣು, ನಿದ್ರೆಗಳ ರಕ್ಷಣೆ ಒಂದೆಡೆ, ಕಲಿಯುವ ಹಕ್ಕು ಇನ್ನೊಂದೆಡೆ ನಿಂತು ಪರದೆ ಸಮಯ ನ್ಯಾಯಾಲಯದ ವಿಚಾರವಾಯಿತು.

ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಸರ್ಕಾರಿ ಶಾಲಾ ಶಿಕ್ಷಕರು ಮಕ್ಕಳಿರುವ ಊರುಕೇರಿಗಳಿಗೇ ಹೋಗಿ ಕಲಿಸಿದರು. ಫೋನಿಲ್ಲದವರು, ಸಾಮಾನ್ಯ ಫೋನುಳ್ಳವರು, ಸ್ಮಾರ್ಟ್‌ಫೋನುಳ್ಳವರು ಎಂದು ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಪರದೆ ಅತಿಯಾಗುವುದೊಂದೇ ಅಲ್ಲ, ಅಗತ್ಯವಿದ್ದಾಗ ಅದು ದೊರೆಯದಿರುವುದೂ ಸಮಸ್ಯೆಯೆಂಬುದನ್ನು ಆ ವಿಂಗಡಣೆಯೇ ತೋರಿಸಿತು. ಗ್ರಾಮೀಣ ಭಾರತದಲ್ಲಿ ನಡೆದ 2021ರ ‘ಅಸರ್’ ಸಮೀಕ್ಷೆಯಲ್ಲಿ ಶಾಲಾ ಮಕ್ಕಳ ಪೈಕಿ ಶೇ. 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೂ, ಅಂಥ ಮಕ್ಕಳಲ್ಲಿ ಶೇ. 26.1ರಷ್ಟು ಮಂದಿಗೆ ಅದು ಬಳಕೆಗೆ ಸಿಗುತ್ತಿರಲಿಲ್ಲ. 2024ರ ಸಮೀಕ್ಷೆಯ ಹೊತ್ತಿಗೆ 14–16 ವಯಸ್ಸಿನವರಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಇವರಲ್ಲಿ ಹಿಂದಿನ ವಾರ ಕಲಿಕೆಗಾಗಿ ಅದನ್ನು ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76.

ನಿಮ್ಹಾನ್ಸ್‌ನ ಶಟ್ ಕ್ಲಿನಿಕ್

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) 2014ರಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಇದು ಶಟ್ ಕ್ಲಿನಿಕ್ ಎಂದು ಪ್ರಸಿದ್ಧವಾಗಿದೆ. ಭಾರತದಲ್ಲಿ ಈ ಬಗೆಯ ಮೊದಲ ಕೇಂದ್ರವೆಂದು ಗುರುತಿಸಲಾಗುವ ಇದನ್ನು ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕ ಡಾ. ಮನೋಜ್ ಕುಮಾರ್ ಶರ್ಮಾ ಮುನ್ನಡೆಸಿದ್ದಾರೆ. 2018ರಲ್ಲಿ 26 ವರ್ಷದ ನಿರುದ್ಯೋಗಿ ಯುವಕನೊಬ್ಬ ದಿನಕ್ಕೆ ಏಳು ಗಂಟೆಗೂ ಹೆಚ್ಚು ಕಾಲ ಧಾರಾವಾಹಿಗಳನ್ನು ನೋಡುತ್ತಾ ಕಣ್ಣಿನ ಆಯಾಸ ಮತ್ತು ನಿದ್ರಾಭಂಗಗಳಿಂದ ಬಳಲಿ ಇಲ್ಲಿಗೆ ಬಂದ ಪ್ರಕರಣ ದೇಶದಾದ್ಯಂತ ಸುದ್ದಿಯಾಯಿತು. ಕೆಲಸವಿಲ್ಲದ ಚಿಂತೆಯನ್ನು ಮರೆಯಲು ಆತ ಪರದೆಯ ಮೊರೆಹೋಗಿದ್ದ.

ಮದ್ಯವ್ಯಸನದ ಚಿಕಿತ್ಸೆಯಲ್ಲಿರುವಂತೆ ಇಲ್ಲಿ ಸಂಪೂರ್ಣ ವರ್ಜನೆ ಗುರಿಯಲ್ಲ. ಓದು, ಉದ್ಯೋಗ, ಹಣಕಾಸು ಎಲ್ಲವೂ ಫೋನಿನಲ್ಲಿರುವಾಗ ಅದು ಸಾಧ್ಯವೂ ಅಲ್ಲ. ಬಳಕೆಯನ್ನು ಹಂತಹಂತವಾಗಿ ತಗ್ಗಿಸುವುದು, ಗೀಳಿನ ಹಿಂದಿರುವ ಒಂಟಿತನ, ಆತಂಕ, ಪರೀಕ್ಷಾಭಯಗಳನ್ನು ಗುರುತಿಸುವುದು, ನಿದ್ರೆ ಮತ್ತು ವ್ಯಾಯಾಮದ ಕ್ರಮವನ್ನು ಮರಳಿ ಸ್ಥಾಪಿಸುವುದು ಹಾಗೂ ಪಾಲಕರನ್ನು ಚಿಕಿತ್ಸೆಯಲ್ಲಿ ತೊಡಗಿಸಿಕೊಳ್ಳುವುದು ಇದರ ಮುಖ್ಯ ಅಂಗಗಳು.

ಕೋಲಾರ ಜಿಲ್ಲೆಯ ಸಂದರ್ಭ

ಬೆಂಗಳೂರಿನ ಪೂರ್ವಕ್ಕಿರುವ ಕೋಲಾರ ಜಿಲ್ಲೆ ಫೋನು ಬಳಸುವ ಜಿಲ್ಲೆ ಮಾತ್ರವಲ್ಲ, ಫೋನು ತಯಾರಿಸುವ ಜಿಲ್ಲೆಯೂ ಹೌದು. ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಿಸ್ಟ್ರಾನ್ ಸಂಸ್ಥೆ ಸ್ಥಾಪಿಸಿದ ಐಫೋನ್ ಜೋಡಣೆಯ ಕಾರ್ಖಾನೆ 2020ರಲ್ಲಿ ಉತ್ಪಾದನೆ ಆರಂಭಿಸಿತು. 2023ರಲ್ಲಿ ಅದನ್ನು ಟಾಟಾ ಸಮೂಹ ಖರೀದಿಸಲು ಒಪ್ಪಂದವಾಯಿತು.

ಗಂಟೆಗಳನ್ನಷ್ಟೇ ಎಣಿಸಿದರೆ ದಾರಿ ತಪ್ಪುವುದೆಂಬುದಕ್ಕೆ ಈ ಜಿಲ್ಲೆಯ ದಿನಚರಿಯೇ ಉದಾಹರಣೆ. ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಕಳುಹಿಸುವ ರೈತನಿಗೂ ಶ್ರೀನಿವಾಸಪುರದ ಮಾವಿನ ಬೆಳೆಗಾರನಿಗೂ ಅಂದಿನ ಧಾರಣೆ ತಿಳಿಯಲು, ಲಾರಿ ಗೊತ್ತುಮಾಡಲು, ಹಣ ಪಡೆಯಲು ಫೋನು ಬೇಕು. ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುವವರಿಗೆ ಅದು ಪ್ರಯಾಣದ ಸಂಗಾತಿ. ಅದೇ ಫೋನು ರಾತ್ರಿ ಹತ್ತರ ನಂತರ ಹತ್ತನೆಯ ತರಗತಿಯ ಮಗನ ಹಾಸಿಗೆಯೊಳಗಿದ್ದರೆ ಅದರ ಪರಿಣಾಮ ಬೇರೆ. ಎರಡೂ ಒಂದೊಂದು ಗಂಟೆಯೇ ಆದರೂ ಮೊದಲನೆಯದು ಜೀವನೋಪಾಯ, ಎರಡನೆಯದು ಕಳೆದುಹೋದ ನಿದ್ರೆ.

ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿದ್ದು ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಬಹಳ. ತಮಿಳುನಾಡಿನ ಗಡಿಯಲ್ಲಿರುವ ಮಾಲೂರಿನಲ್ಲಿ ತಮಿಳೂ ಕಿವಿಗೆ ಬೀಳುತ್ತದೆ. ತಲೆಮಾರುಗಳಿಂದ ಇಲ್ಲಿನ ಮಕ್ಕಳು ಎರಡು ಮೂರು ಭಾಷೆಗಳನ್ನು ಅಜ್ಜಿಯ ಮಡಿಲಲ್ಲಿ, ಬೀದಿಯ ಆಟದಲ್ಲಿ, ಸಂತೆಯಲ್ಲಿ ಅನಾಯಾಸವಾಗಿ ಕಲಿತಿದ್ದಾರೆ. ಹಿಂದೆ ಹೇಳಿದ ಕೂಲ್ ಅವರ ಅಧ್ಯಯನದ ಬೆಳಕಿನಲ್ಲಿ ನೋಡಿದರೆ, ಆ ಜೀವಂತ ಮಾತುಕತೆಯ ಜಾಗವನ್ನು ವಿಡಿಯೊ ಆಕ್ರಮಿಸಿದರೆ ಮಗು ಕಳೆದುಕೊಳ್ಳುವುದು ಬರಿಯ ಸಮಯವನ್ನಲ್ಲ, ಒಂದು ಭಾಷೆಯನ್ನೇ ಆಗಬಹುದು.

ಪರದೆಗೆ ಪರ್ಯಾಯವೂ ಹಳ್ಳಿಗಳಲ್ಲಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅವುಗಳ ಮೂಲಕ ಮಕ್ಕಳಲ್ಲಿ ವಾಚನಾಭಿರುಚಿ ಬೆಳೆಸಲು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿತು.

ಬಳಕೆಯನ್ನು ಹತೋಟಿಯಲ್ಲಿಡುವ ಕ್ರಮಗಳು

• ಮಲಗುವ ಕನಿಷ್ಠ ಒಂದು ಗಂಟೆ ಮೊದಲು ಪರದೆಯನ್ನು ಬದಿಗಿಡುವುದು. ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕುವುದು. ಎಚ್ಚರಗೊಳ್ಳಲು ಅಲಾರಂ ಗಡಿಯಾರ ಬಳಸುವುದು.
• ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು.
• ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದು.
• ಕರೆ ಮತ್ತು ಅಗತ್ಯ ಸಂದೇಶಗಳ ಹೊರತು ಉಳಿದ ಸೂಚನೆಗಳನ್ನು ನಿಲ್ಲಿಸುವುದು. ವಿಡಿಯೊ ತಾನಾಗಿ ಮುಂದುವರಿಯುವ ಆಯ್ಕೆಯನ್ನು ತೆಗೆದುಹಾಕುವುದು.
• ಊಟದ ಹೊತ್ತಿನಲ್ಲಿ ಮನೆಯ ಯಾರೂ ಫೋನು ಮುಟ್ಟದಿರುವುದು. ಈ ನಿಯಮ ಹಿರಿಯರಿಗೂ ಅನ್ವಯಿಸಬೇಕು. ತಾವು ಫೋನು ನೋಡುತ್ತಲೇ ಮಕ್ಕಳಿಗೆ ಹೇಳುವ ಬುದ್ಧಿಮಾತು ನಾಟುವುದಿಲ್ಲ.
• ಫೋನಿನಲ್ಲಿರುವ ಬಳಕೆಯ ವರದಿಯನ್ನು ವಾರಕ್ಕೊಮ್ಮೆ ನೋಡಿ, ಯಾವ ಆ್ಯಪ್ ಎಷ್ಟು ಹೊತ್ತು ತೆಗೆದುಕೊಂಡಿತೆಂದು ತಿಳಿಯುವುದು.
• ಕಿತ್ತುಕೊಂಡ ಫೋನಿನ ಜಾಗಕ್ಕೆ ಆಟ, ಪುಸ್ತಕ, ಮನೆಗೆಲಸ, ಮಾತುಕತೆಗಳಲ್ಲಿ ಏನನ್ನಾದರೂ ಒದಗಿಸುವುದು.

ಮಕ್ಕಳಿಂದ ಫೋನನ್ನು ಹಠಾತ್ತನೆ, ಬಲವಂತದಿಂದ ಕಸಿದುಕೊಳ್ಳುವುದು ಜಗಳಕ್ಕೂ ಕಳ್ಳತನದ ಬಳಕೆಗೂ ದಾರಿಯಾಗುವುದುಂಟು. ಮಿತಿಯನ್ನು ಮೊದಲೇ ಮಾತನಾಡಿ ಗೊತ್ತುಪಡಿಸಿಕೊಂಡು ಕ್ರಮೇಣ ತಗ್ಗಿಸುವುದು ಹೆಚ್ಚು ಫಲಕಾರಿ.

ನೆರವು

ನಿದ್ರೆ, ಶಾಲಾ ಹಾಜರಾತಿ ಅಥವಾ ಉದ್ಯೋಗ ಕೆಡುವ ಮಟ್ಟಕ್ಕೆ ಬಳಕೆ ಹೋದರೆ, ಫೋನು ಸಿಗದಿದ್ದಾಗ ತೀವ್ರ ಸಿಟ್ಟು ಅಥವಾ ಕುಸಿತ ಕಂಡರೆ ಮನೋವೈದ್ಯರನ್ನು ಕಾಣುವುದು ಅಗತ್ಯ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆ ಸೇವೆ ಲಭ್ಯವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಕಾರ್ಯನಿರ್ವಹಿಸುವ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಆಪ್ತಸಲಹೆ ದೊರೆಯುತ್ತದೆ. ಇದರ ರಾಷ್ಟ್ರೀಯ ಉನ್ನತ ಕೇಂದ್ರ ನಿಮ್ಹಾನ್ಸ್ ಆಗಿದೆ.